ರಾತ್ರಿ ಎಲ್ಲಾ ಹಚ್ಚಿಬಿಡು ಅಂದ್ರ ಎಷ್ಟು ತಾಸು?



ಕಡಲಿ ರಾಶಿ ಮುಗೀತು. ಬಿಳಿಜೋಳ ಇನ್ನೂ ಹೊಲದಾಗ ನಿಂತೈತಿ. ಹೋದ ಸಲ ಕಡಲಿ ಖರ್ಚು-ವೆಚ್ಚದ ಲೆಕ್ಕ ಬರೀತೀನಿ ಅಂತ ಹೇಳಿದ್ದೆ, ಅದನ್ನ ಮುಂದಿನ ವಾರಕ್ಕ ಇಟ್ಟೀನಿ. ಇವತ್ತು ಬೆಳಿ ಬಿಟ್ಟು ಬ್ಯಾಟ್ರಿ ವಿಷಯ ಬರೀಬೇಕಾಗೇತಿ. ಯಾಕಂದ್ರ ಒಂದು ಸಣ್ಣ ಗುಣಾಕಾರ ಭಾಗಾಕಾರ ಮಾಡದ್ದಕ್ಕ ಈ ತಿಂಗಳ ನಮ್ಮ ಅವ್ವನ ಜೀವಕ್ಕ ಬಂದಿತ್ತು. ನನಗ ಆಗಿದ್ದು ನಿಮಗ ಆಗಬಾರದು ಅಂತ ಬರ್ಯಾಕ ಹತ್ತೀನಿ. ಸ್ವಲ್ಪ ಉದ್ದ ಆಗತೈತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಮನ್ಯಾಗ ಒಂದು ಹಳೇ ಓಮ್ನಿ ಐತಿ. ಗೊಬ್ಬರ ಚೀಲ, ಬೀಜ, ಕಾಯಿಪಲ್ಲೆ, ಮದುವಿ, ದವಾಖಾನಿ ಎಲ್ಲಾದಕ್ಕೂ ಅದ ಗಾಡಿ. ಈ ಸಲ ಬನದ ಹುಣ್ಣಿಮಿಗೆ ಬಾದಾಮಿ ಬನಶಂಕರಿ ಜಾತ್ರಿಗೆ ಅದರಾಗ ಆರು ಮಂದಿ ಹೋಗಿದ್ವಿ. ತೇರು ಎಳೆದು, ಬುತ್ತಿ ರೊಟ್ಟಿ ತಿಂದು, ನಾಟಕ ನೋಡಾಕ ಕುಂತ್ವಿ. ಬನಶಂಕರಿ ಜಾತ್ರಿಗೆ ಹೋಗಿ ನಾಟಕ ನೋಡದ ಬಂದ್ರ ಊರಾಗ ಯಾರೂ ಜಾತ್ರಿಗೆ ಹೋಗಿದ್ದಿ ಅಂತ ಒಪ್ಪೂದಿಲ್ಲ. ರಾತ್ರಿ ಒಂಬತ್ತಕ್ಕ ಗಾಡಿ ಹೊಲದಾಗ ನಿಲ್ಲಿಸಿ ಹೋದವರು ನಸುಕಿನ್ಯಾಗ ಐದಕ್ಕ ಬಂದು ನೋಡಿದ್ರ ಪಾರ್ಕಿಂಗ್ ಲೈಟ್ ಹಂಗ ಮಿಣಿಮಿಣಿ ಅನ್ನಾಕ ಹತ್ತಿತ್ತು. ಹೆಡ್‌ಲೈಟ್ ಬಂದ್ ಮಾಡೂಮುಂದ ಗುಂಡಿ ಒಂದು ಹೆಜ್ಜಿ ಕಡಿಮಿ ತಿರುವಿದ್ದೆ. ಕೀ ತಿರುವಿದೆ, ‘ಟಿಕ್’ ಅಂತು, ಅಷ್ಟ. ಜಾತ್ರಿಗೆ ಬಂದ ಹುಡುಗರು ನಾಕು ಮಂದಿ ದೂಡಿದ್ರು, ಗಾಡಿ ಚಾಲೂ ಆತು.

ಪಟ್ಟದಕಲ್ಲ, ಐಹೊಳಿ, ಅಮೀನಗಡ ದಾರಿ ಹಿಡಿದು ಊರಿಗೆ ಬಂದ್ವಿ. ಇಷ್ಟು ದೂರ ಗಾಡಿ ಓಡೇತಿ, ಬ್ಯಾಟ್ರಿ ತಾನ ತುಂಬಿರತೈತಿ ಅಂತ ನಾ ತಿಳಕೊಂಡೆ. ಇದು ನನ್ನ ಮೊದಲನೇ ತಪ್ಪು.

ಆಮ್ಯಾಲೆ ಇಪ್ಪತ್ತು ದಿನ ಗಾಡಿ ಹೆಂಗೋ ನಡೀತು. ಹುನಗುಂದಕ್ಕ ಹೋಗೋದು, ಬರೋದು. ಆದ್ರ ದಿನಾ ಮುಂಜಾನೆ ಸೆಲ್ಫ್ ಹೊಡೆದಾಗ ಇಂಜಿನ್ ಮುದುಕ ಮೆಟ್ಟಲ ಹತ್ತಿದಂಗ ತಿರುಗತಿತ್ತು. ಒಂದು ದಿನ ಮಧ್ಯಾಹ್ನ ಕರೆಂಟ್ ಇದ್ದಾಗ, ಎಣ್ಣಿ ಹೊಡಿಯೋ ಬ್ಯಾಟ್ರಿ ಪಂಪಿನ ಚಾರ್ಜರ್ ತಗದು ಕಾರಿನ ಬ್ಯಾಟ್ರಿಗೆ ಹಚ್ಚಿದೆ. ಅದೂ 12 ವೋಲ್ಟ್, ಇದೂ 12 ವೋಲ್ಟ್, ಏನು ಫರಕ ಅಂತ. ಮೂರು ತಾಸು ಹಚ್ಚಿದೆ. ಇಳಕಲ್ಲದಾಗ ತಂದಿದ್ದ ಮೀಟರ್ ಹಚ್ಚಿ ನೋಡಿದ್ರ 12.8 ತೋರಿಸ್ತು. ತುಂಬಿದ ಬ್ಯಾಟ್ರಿ 12.6, 12.7 ಇರತೈತಿ ಅಂತ ಎಲ್ಲೋ ಕೇಳಿದ್ದೆ. ಇದು ಅದಕ್ಕಿಂತ ಹೆಚ್ಚ ಐತಿ, ಫುಲ್ ಆತು ಅಂತ ಕ್ಲಿಪ್ ಬಿಚ್ಚಿದೆ. ಇದು ಎರಡನೇ ತಪ್ಪು.

ಮರುದಿನ ರಾತ್ರಿ ಎರಡರ ಸುಮಾರಿಗೆ ಅವ್ವಗ ದಮ್ಮು ಹತ್ತಿತು. ಆಕಿಗೆ ಮೊದಲಿಂದ ಉಬ್ಬಸ ಐತಿ. ಕಡಲಿ ರಾಶಿ ಧೂಳಿನ್ಯಾಗ ಹೋಗಬ್ಯಾಡ ಅಂದ್ರೂ ಹಗಲೆಲ್ಲಾ ಕಣದಾಗ ಕುಂತಿದ್ದಳು. ಕುಂತ್ರೂ ಉಸಿರು ಸಿಗವಲ್ದು, ಮಾತು ಬರವಲ್ದು. ನಾನೂ ನಮ್ಮ ಮನಿಯವರೂ ಎತ್ತಿಕೊಂಡು ಗಾಡ್ಯಾಗ ಕುಂದ್ರಿಸಿದ್ವಿ. ಕೀ ತಿರುವಿದೆ. ಲೈಟ್ ಹತ್ತಿತು, ಹಾರ್ನ್ ಆತು, ಇಂಜಿನ್ ಮಾತ್ರ ಟಿಕ್ ಟಿಕ್ ಟಿಕ್.

ನಮ್ಮದು ಹೊಲದಾಗಿನ ಮನಿ. ಸುತ್ತ ಎರಿ ಭೂಮಿ, ಮುಂದಿನ ದಾರಿ ಏರು. ಇಬ್ಬರು ದೂಡಿದ್ರ ಗಾಡಿ ಒಂದು ಮಾರು ಸೈತ ಸರಿಯಲಿಲ್ಲ. ಅವ್ವ ಒಳಗ ಕುಂತು ಕಿಡಕಿ ಹಿಡಕೊಂಡು ನನ್ನ ಕಡೆ ನೋಡಾಕ ಹತ್ತಿದ್ದಳು. ಆ ನೋಟ ಈಗ್ಲೂ ಕಣ್ಣ ಮುಂದ ಬರತೈತಿ. ಬಾಜೂ ಹೊಲದ ತಮ್ಮಗ ಫೋನ್ ಹಚ್ಚಿ ಎಬ್ಬಿಸಿದೆ. ಅಂವ ತನ್ನ ಟಂಟಂ ತಗೊಂಡು ಬರೂದ್ರಾಗ ನಲವತ್ತು ನಿಮಿಷ ಆತು. ಹುನಗುಂದದಾಗ ಆಕ್ಸಿಜನ್ ಹಚ್ಚಿಸಿ, ಅಲ್ಲಿಂದ ಬಾಗಲಕೋಟಿಗೆ ಒಯ್ದ್ವಿ. ನಾಕು ದಿನಕ್ಕ ಅವ್ವ ಮನಿಗೆ ಬಂದಳು. ದೇವರು ದೊಡ್ಡಾಂವ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಅಂಥಾ ಹೊತ್ತಿನ್ಯಾಗ ಮೊದಲ 108ಕ್ಕ ಫೋನ್ ಹಚ್ಚಬೇಕಾಗಿತ್ತು. ನಾ ಹಚ್ಚಲಿಲ್ಲ. ಗಾಬರಿಗೆ ಆ ಸತ್ತ ಗಾಡಿ ಹಿಂದ ಬಿದ್ದೆ. ನೀವು ಹಂಗ ಮಾಡಬ್ಯಾಡ್ರಿ.

ಅವ್ವ ಮನಿಗೆ ಬಂದ ಮರುದಿನ ಬ್ಯಾಟ್ರಿ ಹೊತಗೊಂಡು ಇಳಕಲ್ಲಕ್ಕ ಹೋದೆ. ಅಲ್ಲಿ ಬ್ಯಾಟ್ರಿ ಕೆಲಸಾ ಮಾಡೋ ಹಿರಿಯರೊಬ್ರು ಅದಾರ, ನಾವೆಲ್ಲಾ ಚಾಚಾ ಅಂತೀವಿ. “ಚಾಚಾ, ಇದು ಹೋತು, ಹೊಸಾದು ಕೊಡ್ರಿ” ಅಂದೆ. ಚಾಚಾ ಹೊಸಾದು ಮಾರೂದು ಬಿಟ್ಟು ಕೇಳಿದ್ರು, “ಎಷ್ಟು ತಾಸು ಚಾರ್ಜ್ ಮಾಡಿದ್ದಿರಿ ಅಣ್ಣಾರ?”

“ಮೂರು ತಾಸು.”

“ಎಷ್ಟು ಆಂಪಿಯರ್ ಚಾರ್ಜರ್?”

ಗೊತ್ತಿಲ್ಲ ಅಂದೆ.

“ಬ್ಯಾಟ್ರಿ ಎಷ್ಟು ಎಎಚ್?”

ಅದೂ ಗೊತ್ತಿಲ್ಲ.

“ಎಷ್ಟು ಖಾಲಿ ಆಗಿತ್ತು?”

ಸುಮ್ಮನ ನಿಂತೆ. ಚಾಚಾ ನಕ್ಕರು. “ಹೊಂಡ ಎಷ್ಟು ದೊಡ್ಡದು ಗೊತ್ತಿಲ್ಲ, ನೀರು ಎಷ್ಟು ಉಳದೈತಿ ಗೊತ್ತಿಲ್ಲ, ಮೋಟರ್ ಎಷ್ಟು ನೀರು ಎತ್ತತೈತಿ ಗೊತ್ತಿಲ್ಲ. ಮೂರು ತಾಸಿಗೆ ತುಂಬೇತಿ ಅಂತ ಹೆಂಗ ಹೇಳಿದ್ರಿ?”

ಇದ ನೋಡ್ರಿ ಇಡೀ ಲೆಕ್ಕ. ಉಳಿದದ್ದೆಲ್ಲಾ ಇದರ ಮ್ಯಾಲಿನ ಮಾತು.

ಮೊದಲನೇದು, ಹೊಂಡ ಎಷ್ಟು ದೊಡ್ಡದು. ಬ್ಯಾಟ್ರಿ ಮ್ಯಾಲೆ ಎಎಚ್ ಅಂತ ಬರೆದಿರತೈತಿ, ಅಂದ್ರ ಆಂಪಿಯರ್-ತಾಸು. 35 ಎಎಚ್ ಅಂದ್ರ ಒಂದು ಆಂಪಿಯರ್ ಹಂಗ ತಗೊಂಡ್ರ 35 ತಾಸು ಬರಬೇಕು ಅನ್ನೂ ಲೆಕ್ಕ. ನಮ್ಮ ಓಮ್ನಿದು 35. ಟ್ರ್ಯಾಕ್ಟರಿಗೆ 75ರಿಂದ 100ರ ತನಕ ಬರ್ತಾವು. ಮನ್ಯಾಗಿನ ಇನ್ವರ್ಟರ್ ಬ್ಯಾಟ್ರಿ ಬಹಳಷ್ಟು 150 ಇರತೈತಿ. ಎಣ್ಣಿ ಹೊಡಿಯೋ ಪಂಪಿನ್ಯಾಗ 8 ಇಲ್ಲಾ 12 ಇರತೈತಿ. ಎಲ್ಲಾವೂ 12 ವೋಲ್ಟ್ ಅನ್ನೂದು ಖರೆ, ಆದ್ರ ಹೊಂಡದ ಅಳತಿ ಬ್ಯಾರೆ ಬ್ಯಾರೆ. ಮತ್ತ ಬ್ಯಾಟ್ರಿ ಹಳೇದಾದಂಗ ಹೊಂಡದಾಗ ಹೂಳು ತುಂಬಿದಂಗ, ಬರೆದಿದ್ದಕ್ಕಿಂತ ಕಡಿಮಿ ಹಿಡೀತೈತಿ.

ಎರಡನೇದು, ಎಷ್ಟು ಖಾಲಿ ಆಗೇತಿ. ಇದನ್ನ ಎರಡು ರೀತಿ ತಿಳ್ಕೋಬಹುದು. ಒಂದು, ಏನು ಹೊತ್ತಿತ್ತು, ಎಷ್ಟು ತಾಸು ಹೊತ್ತಿತ್ತು ಅಂತ ಲೆಕ್ಕ ಹಾಕೂದು. ನಮ್ಮ ಗಾಡಿ ಪಾರ್ಕಿಂಗ್ ಲೈಟಿನ್ಯಾಗ ಮುಂದ ಎರಡು, ಹಿಂದ ಎರಡು, ನಂಬರ್ ಪ್ಲೇಟಿಗೆ ಒಂದು, ಒಟ್ಟ ಐದು ಬಲ್ಬು, ಒಂದೊಂದು 5 ವ್ಯಾಟ್. ಒಟ್ಟ 25 ವ್ಯಾಟ್. ಅದನ್ನ 12 ವೋಲ್ಟಿನಿಂದ ಭಾಗಿಸಿದ್ರ 2 ಆಂಪಿಯರ್‌ಕಿಂತ ಚೂರು ಹೆಚ್ಚು. ರಾತ್ರಿ ಒಂಬತ್ತರಿಂದ ಐದು ಅಂದ್ರ 8 ತಾಸು. ಎಂಟೆರಡ್ಲೆ ಹದಿನಾರು, ಮ್ಯಾಲಿಂದು ಕೂಡಿಸಿ 17 ಎಎಚ್ ಹೋಗೇತಿ. 35ರಾಗ ಅರ್ಧ. ಹಳೇ ಬ್ಯಾಟ್ರಿಗೆ ಅರ್ಧಕ್ಕಿಂತ ಹೆಚ್ಚ. ಅದಕ್ಕ ನಾಟಕ ಮುಗಿಯೂದ್ರಾಗ ಗಾಡಿ ಸತ್ತಿತ್ತು. ಹೆಡ್‌ಲೈಟ್ ಹಚ್ಚಿ ಬಿಟ್ಟಿದ್ರ ಎರಡೂ ಕೂಡಿ 100 ವ್ಯಾಟಿನ ಮ್ಯಾಲೆ, ಮೂರ್ನಾಕು ತಾಸಿನ್ಯಾಗ ಪೂರ್ತಿ ಖಾಲಿ.

ಎರಡನೇ ರೀತಿ, ಬ್ಯಾಟ್ರಿನ್ನ ಕೇಳೂದು. ಚಾಚಾ ಹೈಡ್ರೋಮೀಟರ್ ತಗದ್ರು. ಗಾಜಿನ ಕೊಳವಿ, ಮ್ಯಾಲೆ ರಬ್ಬರ್ ಬುರಡಿ, ಒಳಗ ತೇಲೋ ಕಡ್ಡಿ. ಬ್ಯಾಟ್ರಿ ಬಿರಡಿ ತಗದು ಒಂದೊಂದು ಕೋಣ್ಯಾಗಿನ ನೀರು ಎಳೆದು ನೋಡಿದ್ರು. ತುಂಬಿದ ಬ್ಯಾಟ್ರ್ಯಾಗ ಕಡ್ಡಿ 1250-1260ರ ಸುಮಾರಿಗೆ ನಿಲ್ಲಬೇಕು. ಅರ್ಧ ಇದ್ರ 1200ರ ಸುಮಾರು. 1120-1130ಕ್ಕ ಬಂದ್ರ ಖಾಲಿ ಅಂತ ಅರ್ಥ. ನಂದು 1160 ಇತ್ತು. ಆರೂ ಕೋಣ್ಯಾಗ ಹೆಚ್ಚು ಕಡಿಮಿ ಒಂದ ಅಳತಿ. “ಆರೂ ಸಮಾ ಅದಾವು, ಬ್ಯಾಟ್ರಿ ಸತ್ತಿಲ್ಲ ಅಣ್ಣಾರ, ಹಸಕೊಂಡೈತಿ. ಒಂದ ಕೋಣಿ ಉಳಿದವಕ್ಕಿಂತ 50 ಕಡಿಮಿ ತೋರಿಸಿದ್ರ ಆವಾಗ ಹೋತು ಅನ್ನಬೇಕಾಗಿತ್ತು” ಅಂದ್ರು.

ಈ ಕಡ್ಡಿ ಯಾಕ ಏರತೈತಿ ಇಳೀತೈತಿ ಅಂತ ಕೇಳಿದೆ. ನಾ ಎಸ್ಸೆಸ್ಸೆಲ್ಸಿ ಪಾಸಾದಾಂವ, ಇದನ್ನ ಸಾಲ್ಯಾಗ ಓದೀನಿ, ಆದ್ರ ಪರೀಕ್ಷೆಗೆ ಓದಿದ್ದು ಪರೀಕ್ಷೆ ಜೋಡಿನ ಹೋಗಿತ್ತು. ಒಳಗ ಸೀಸದ ಪ್ಲೇಟ್ ಇರ್ತಾವು, ಗಂಧಕಾಮ್ಲ ಕಲಸಿದ ನೀರು ಇರತೈತಿ. ಕರೆಂಟ್ ತಗೊಂಡಂಗ ಆಮ್ಲದಾಗಿನ ಸಲ್ಫೇಟ್ ಹೋಗಿ ಪ್ಲೇಟಿಗೆ ಕೂಡತೈತಿ, ಉಳಿದದ್ದು ನೀರು ನೀರು ಆಗತೈತಿ. ನೀರು ಹಗುರ, ಕಡ್ಡಿ ಮುಳುಗತೈತಿ. ಚಾರ್ಜ್ ಮಾಡಿದಂಗ ಆ ಸಲ್ಫೇಟ್ ಪ್ಲೇಟ್ ಬಿಟ್ಟು ನೀರಿಗೆ ಬರತೈತಿ, ನೀರು ದಪ್ಪ ಆಗತೈತಿ, ಕಡ್ಡಿ ಏಳತೈತಿ. 1859ರಾಗ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಅನ್ನಾಂವ ಇದನ್ನ ಕಂಡುಹಿಡಿದ. ಅವತ್ತಿಂದ ಇವತ್ತಿನ ತನಕ ನಮ್ಮ ಟ್ರ್ಯಾಕ್ಟರ್ ಬ್ಯಾಟ್ರಿ ಕೆಲಸಾ ಮಾಡೂದು ಇದ ಪದ್ಧತಿ ಮ್ಯಾಲೆ.

ಹಸಕೊಂಡ ಬ್ಯಾಟ್ರಿನ್ನ ವಾರಗಟ್ಟಲೆ ಹಂಗ ಬಿಟ್ರ ಪ್ಲೇಟಿಗೆ ಕುಂತ ಸಲ್ಫೇಟ್ ಗಟ್ಟಿ ಆಗತೈತಿ. ಎರಿ ಹೊಲ ಹಸಿ ಇದ್ದಾಗ ಹರಗಿದ್ರ ಕುಂಟಿ ಓಡತೈತಿ, ಒಣಗಿ ಹೆಂಟಿ ಆದ ಮ್ಯಾಲೆ ಎತ್ತು ಸೋಲ್ತಾವು. ಹಂಗ ಇದು. ಇಪ್ಪತ್ತು ದಿನ ನಾ ಮಾಡಿದ್ದು ಅದ ತಪ್ಪು.

ಮೂರನೇದು, ಮೋಟರ್ ಎಷ್ಟು ನೀರು ಎತ್ತತೈತಿ. ಚಾರ್ಜರ್ ಬೆನ್ನಿಗೆ ಚೀಟಿ ಹಚ್ಚಿರ್ತಾರ. ಅದರಾಗ ‘ಔಟ್‌ಪುಟ್’ ಅಂತ ಇದ್ದ ಕಡೆ ಆಂಪಿಯರ್ ನೋಡ್ರಿ. ಇನ್‌ಪುಟ್ ಅಲ್ಲ. ನನ್ನ ಪಂಪಿನ ಚಾರ್ಜರ್ ಮ್ಯಾಲೆ 1.7 ಆಂಪಿಯರ್ ಅಂತ ಇತ್ತು. ಅದು 8 ಎಎಚ್ ಪಂಪಿಗೆ ಸರಿ. ಮೂರು ತಾಸು ಹಚ್ಚಿದ್ರ ಮೂರು ಗುಣಿಸು 1.7, ಅಂದ್ರ 5 ಎಎಚ್. ಅದರಾಗೂ ಸ್ವಲ್ಪ ಸೋರಿಕಿ. ಬ್ಯಾಟ್ರಿಗೆ ಬೇಕಾಗಿದ್ದು 26. “ಒಂದು ಕೊಡ ಬೇಕಾದಲ್ಲಿ ಒಂದು ತಂಬಿಗಿ ಹಾಕಿ ಬಂದೀರಿ” ಅಂದ್ರು ಚಾಚಾ.

ಇನ್ನ ಲೆಕ್ಕ ಹಿಂಗ್ರಿ. ತುಂಬಬೇಕಾದ ಎಎಚ್, ಅದನ್ನ ಚಾರ್ಜರಿನ ಆಂಪಿಯರಿನಿಂದ ಭಾಗಿಸ್ರಿ. ಬಂದ ತಾಸಿಗೆ ಕಾಲುಪಾಲು ಕೂಡಿಸ್ರಿ. ಆ ಕಾಲುಪಾಲು ಯಾಕಂದ್ರ ಕಾಲಿವ್ಯಾಗ ಬಿಟ್ಟ ನೀರೆಲ್ಲಾ ಬೆಳಿಗೆ ಮುಟ್ಟೂದಿಲ್ಲ, ದಾರ್ಯಾಗ ಇಂಗತೈತಿ. ಇಲ್ಲಿ ಕರೆಂಟ್ ಬಿಸಿ ಆಗಿ, ಗ್ಯಾಸ್ ಆಗಿ ಹೋಗತೈತಿ. ಹಿಂದ ನಾನೂ ಇದನ್ನ ಮರೆತು ಬರೇ ಭಾಗಾಕಾರ ಮಾಡಿದ್ರ ಕಡಿಮಿನ ಬರತಿತ್ತು.

ನಂದ ತಗೋರಿ. 35 ಎಎಚ್ ಬ್ಯಾಟ್ರಿ, ಮುಕ್ಕಾಲು ಖಾಲಿ. ತುಂಬಬೇಕಾದ್ದು 26. ಚಾಚಾ ಅಂಗಡ್ಯಾಗ ಮೂರೂವರೆ ಆಂಪಿಯರಿಗೆ ಇಟ್ರು. 26 ಭಾಗಿಸು 3.5, ಏಳೂವರೆ ತಾಸು. ಕಾಲುಪಾಲು ಕೂಡಿಸಿದ್ರ ಒಂಬತ್ತು, ಒಂಬತ್ತೂವರೆ. ಅದ ನನ್ನ ಪಂಪಿನ ಚಾರ್ಜರಿಗೆ ಹಚ್ಚಿದ್ರ 26 ಭಾಗಿಸು 1.7, ಹದಿನೈದು ತಾಸಿನ ಮ್ಯಾಲೆ. ಕಾಲುಪಾಲು ಕೂಡಿ ಹತ್ತೊಂಬತ್ತು ತಾಸು! ನಾ ಹಚ್ಚಿದ್ದು ಮೂರು.

ಟ್ರ್ಯಾಕ್ಟರಿಂದು ನೋಡ್ರಿ. 88 ಎಎಚ್ ಬ್ಯಾಟ್ರಿ, ಅರ್ಧ ಖಾಲಿ ಅಂದ್ರ 44. 8 ಆಂಪಿಯರ್ ಚಾರ್ಜರಿಗೆ ಐದೂವರೆ ತಾಸು, ಕಾಲುಪಾಲು ಕೂಡಿ ಏಳು ತಾಸು. ಪಂಪಿನ ಚಾರ್ಜರಿಗೆ ಹಚ್ಚಿದ್ರ 32 ತಾಸು. ಅದಕ್ಕ “ರಾತ್ರಿ ಎಲ್ಲಾ ಹಚ್ಚಿಬಿಡು” ಅನ್ನೂ ಮಾತಿಗೆ ಅರ್ಥ ಇಲ್ಲ. ಒಬ್ಬರ ರಾತ್ರಿ ಒಬ್ಬರಿಗೆ ಸಾಲೂದಿಲ್ಲ, ಇನ್ನೊಬ್ಬರ ಬ್ಯಾಟ್ರಿ ಕುದ್ದು ಹೋಗತೈತಿ.

ಕುದಿಯೂದೂ ನನಗ ಗೊತ್ತೈತಿ. ಹಿಂದಕ ಒಮ್ಮೆ ಟ್ರ್ಯಾಕ್ಟರ್ ಬ್ಯಾಟ್ರಿನ್ನ ಹಳೇ ನಮೂನಿ ದೊಡ್ಡ ಚಾರ್ಜರಿಗೆ ಹಚ್ಚಿ ಎರಡು ರಾತ್ರಿ ಮರ್ತಿದ್ದೆ. ಅದಕ್ಕ ತಾನ ಬಂದ್ ಆಗೂ ವ್ಯವಸ್ಥಾ ಇರಲಿಲ್ಲ. ನೀರೆಲ್ಲಾ ಆರಿ ಪ್ಲೇಟ್ ಬಯಲಾಗಿದ್ವು. ಲೆಕ್ಕ ಗೊತ್ತಿದ್ರ ಎರಡೂ ಕಡೆ ಉಳಿತೈತಿ.

ಹಂಗಾರ ದೊಡ್ಡ ಚಾರ್ಜರ್ ಹಚ್ಚಿ ಒಂದ ತಾಸಿನ್ಯಾಗ ಯಾಕ ಮುಗಸಬಾರದು? ಇದನ್ನೂ ಕೇಳಿದೆ. ಚಾಚಾ ಅಂದ್ರು, “ನಾಕು ದಿನ ಉಪಾಸ ಇದ್ದ ಎತ್ತಿನ ಮುಂದ ಒಮ್ಮೆಲೆ ಹಿಂಡಿ ಸುರುವ್ತೀರೇನು?” ಸುರುವಿದ್ರ ಹೊಟ್ಟಿ ಉಬ್ಬತೈತಿ. ಬ್ಯಾಟ್ರಿಗೂ ಖರೇನ ಗ್ಯಾಸ್ ಆಗತೈತಿ, ಬಿಸಿ ಆಗತೈತಿ, ಪ್ಲೇಟ್ ಬಗ್ತಾವು. ಎಎಚ್‌ನ ಹತ್ತನೇ ಒಂದು ಪಾಲು ಆಂಪಿಯರ್ ಇಟ್ರ ಚೊಲೊ. 35ಕ್ಕ ಮೂರೂವರೆ, 88ಕ್ಕ ಎಂಟು-ಒಂಬತ್ತು, 150ಕ್ಕ ಹದಿನೈದು. ಇದು ನೆನಪಿಡಾಕ ಸರಳ.

ಮತ್ತೊಂದು. ಚೀಲಕ್ಕ ಜ್ವಾಳ ತುಂಬೂಮುಂದ ಮೊದಲ ಸರಸರ ಬೀಳತೈತಿ, ಬಾಯಿಗೆ ಬಂದ ಮ್ಯಾಲೆ ಕುಟ್ಟಿ ಕುಟ್ಟಿ ಹಿಡಿಸಬೇಕು. ಬ್ಯಾಟ್ರೀದೂ ಹಂಗ. ಮುಕ್ಕಾಲು ಬೇಗ ತುಂಬತೈತಿ, ಕಡೀ ಕಾಲು ಭಾಗ ಮೆಲ್ಲಕ. ಈಗಿನ ಚಾರ್ಜರ್‌ಗಳು ಕಡೀಕ ತಾವ ಆಂಪಿಯರ್ ಇಳಸ್ತಾವು. ಅದಕ್ಕ ಲೆಕ್ಕದ ತಾಸು ಮುಗಿದ ಕೂಡ್ಲೆ ಬಿಚ್ಚಬ್ಯಾಡ್ರಿ, ತಾಸಿಗೊಮ್ಮೆ ನೋಡ್ರಿ. ಮೂರು ಸಲ ನೋಡಿದಾಗ ಹೈಡ್ರೋಮೀಟರ್ ಕಡ್ಡಿ ಇದ್ದಲ್ಲೇ ನಿಂತು, ಆರೂ ಕೋಣ್ಯಾಗ ಸಣ್ಣ ಗುಳ್ಳಿ ಸಮಾ ಏಳಾಕ ಹತ್ತಿದ್ರ ಅದು ತುಂಬಿದಂಗ. ಗಾಡಿ ಓಡಿಸಿದ್ರ ತಾನ ತುಂಬತೈತಿ ಅನ್ನೂ ನನ್ನ ಮೊದಲನೇ ತಪ್ಪೂ ಇಲ್ಲೇ ತಿಳೀತು. ಗಾಡಿ ಡೈನಮೋ ಬ್ಯಾಟ್ರಿಗೆ ಸ್ವಲ್ಪ ಮುಟ್ಟಸತೈತಿ ಖರೆ, ಆದ್ರ ಹಸಕೊಂಡ ಬ್ಯಾಟ್ರಿ ಬಾದಾಮಿಂದ ಹುನಗುಂದಕ್ಕ ಬರೂದ್ರಾಗ ಹೊಟ್ಟಿ ತುಂಬ ಉಣ್ಣೂದಿಲ್ಲ.

ಎರಡನೇ ತಪ್ಪು, ಆ 12.8. ಮೀಟರ್ ಸುಳ್ಳು ಹೇಳಿಲ್ಲ, ನಾ ಕೇಳಿದ ಹೊತ್ತು ತಪ್ಪು. ಚಾರ್ಜರ್ ಬಿಚ್ಚಿದ ಕೂಡ್ಲೆ ನೋಡಿದ್ರ ಮ್ಯಾಲಿಂದ ಮ್ಯಾಲೆ ವೋಲ್ಟ್ ಏರಿರತೈತಿ. ಹೊಲಕ್ಕ ಸಣ್ಣ ಮಳಿ ಬಿದ್ದ ಕೂಡ್ಲೆ ನೋಡಿದ್ರ ಮ್ಯಾಲೆ ಎಲ್ಲಾ ಹಸಿ, ಗೇಣು ಅಗದ್ರ ಕೆಳಗ ಒಣಾ ಮಣ್ಣು, ಹಂಗ. ಬಿಚ್ಚಿ ನಾಕೈದು ತಾಸು, ಆಗಿದ್ರ ಒಂದು ರಾತ್ರಿ ಸುಮ್ಮನ ಬಿಟ್ಟು ನೋಡ್ರಿ. ಆವಾಗ 12.6, 12.7 ಇದ್ರ ತುಂಬೇತಿ. 12.4 ಇದ್ರ ಮುಕ್ಕಾಲು. 12.2 ಇದ್ರ ಅರ್ಧ. 12.0 ಇದ್ರ ಕಾಲು ಭಾಗ ಉಳದೈತಿ. 11.8ಕ್ಕ ಇಳಿದ್ರ ಖಾಲಿ ಅಂತ ತಿಳೀರಿ. ನೋಡ್ರಿ, ತುಂಬಿದ್ದಕ್ಕೂ ಖಾಲಿಗೂ ಒಂದು ವೋಲ್ಟ್ ಸೈತ ಫರಕ ಇಲ್ಲ. ಅದಕ್ಕ ಲೈಟ್ ಹತ್ತತೈತಿ, ಹಾರ್ನ್ ಆಗತೈತಿ, ನಾವು ಮೋಸ ಹೋಗ್ತೀವಿ. ಲೈಟಿಗೆ ಬೇಕಾಗೂದು ಹತ್ತು ಆಂಪಿಯರಿನ ಸುಮಾರು, ಸೆಲ್ಫಿಗೆ ಬೇಕಾಗೂದು ನೂರರ ಸುಮಾರು. ಅಷ್ಟು ಒಮ್ಮೆಲೆ ಕೊಡು ಶಕ್ತಿ ಹಸಕೊಂಡ ಬ್ಯಾಟ್ರಿಗೆ ಇರೂದಿಲ್ಲ. ನೀರು ಹಾಕೂ ಬಿರಡಿ ಇಲ್ಲದ ಸೀಲ್ ಬ್ಯಾಟ್ರಿಗೆ ಹೈಡ್ರೋಮೀಟರ್ ನಡಿಯೂದಿಲ್ಲ, ಅದಕ್ಕ ಈ ವೋಲ್ಟ್ ಲೆಕ್ಕನ ಗತಿ.

ಇನ್ನ ನಮ್ಮ ಕಡೆ ಒಂದು ವಿಶೇಷ ಐತಿ. ತಾಸು ಅಂದ್ರ ಗಡಿಯಾರದ ತಾಸಲ್ಲ, ಕರೆಂಟ್ ಇದ್ದ ತಾಸು. ಹೊಲಕ್ಕ ತ್ರೀಫೇಸ್ ಏಳು ತಾಸು ಕೊಡ್ತಾರ. ಹೊಲದಾಗಿನ ಮನ್ಯಾಗ ಸಂಜಿಕ ಹಚ್ಚಿ ಮುಂಜಾನೆ ಬಿಚ್ಚಿದ್ರ ಹನ್ನೆರಡು ತಾಸು ಆತು ಅಂತ ಬರಕೋಬ್ಯಾಡ್ರಿ. ನಾ ಈಗ ಏನು ಮಾಡೀನಿ ಅಂದ್ರ, ಬಾಗಲ ಹಿಂದ ಕ್ಯಾಲೆಂಡರ್ ಬಾಜೂಕ ಬರಿಯಾಕ ಸುರು ಮಾಡೀನಿ. ಇಷ್ಟಕ್ಕ ಹಚ್ಚಿದೆ, ಇಷ್ಟಕ್ಕ ಕರೆಂಟ್ ಹೋತು, ಇಷ್ಟಕ್ಕ ಬಂತು. ಕೂಡಿಸಿ ಲೆಕ್ಕದ ತಾಸಿಗೆ ಹೊಂದಿದ್ರ ಬಿಚ್ಚೂದು. ಹಂದಿ ಕಾಟಕ್ಕ ಜಟಕಾ ಮಷೀನ್ ಇಟ್ಟವರು ಇದನ್ನ ತಪ್ಪದ ಮಾಡ್ರಿ. ಬ್ಯಾಟ್ರಿ ಹಸಕೊಂಡ್ರ ಮಷೀನ್ ಟಿಕ್ ಟಿಕ್ ಅಂತಿರತೈತಿ, ತಂತಿಯಾಗ ಹೊಡೆತ ಇರೂದಿಲ್ಲ, ಹಂದಿಗೆ ಅದು ನಮಗಿಂತ ಮೊದಲ ತಿಳೀತೈತಿ. ಅದಕ್ಕಂತ ತಂತಿಗೆ ನೇರ ಲೈನ್ ಕರೆಂಟ್ ಮಾತ್ರ ಯಾರೂ ಕೊಡಬ್ಯಾಡ್ರಿ. ಅದು ಮನಷ್ಯಾರನ್ನ ಕೊಲ್ಲತೈತಿ, ಕಾನೂನಿಗೂ ತಪ್ಪು.

ಚಾಚಾ ಹೇಳಿದ ಎಚ್ಚರಿಕಿ ಮಾತು ಕಡೀಕ ಬರೀತೀನಿ, ಇವನ್ನ ಮಾತ್ರ ಮರೀಬ್ಯಾಡ್ರಿ.

ಚಾರ್ಜ್ ಆಗೂಮುಂದ ಬರೂ ಗ್ಯಾಸ್ ಹೈಡ್ರೋಜನ್. ಕಿಡಿ ತಾಗಿದ್ರ ಬ್ಯಾಟ್ರಿ ಒಡೀತೈತಿ, ಆಮ್ಲ ಮುಖಕ್ಕ ಸಿಡೀತೈತಿ. ಬೀಡಿ ಸೇದೂದು, ಕಡ್ಡಿ ಗೀರಿ ಒಳಗ ನೋಡೂದು ಬ್ಯಾಡ. ಮೇವು ಒಟ್ಟಿದ ದನದ ಮನ್ಯಾಗ, ಕಾಳು ಇಟ್ಟ ಕೋಣ್ಯಾಗ ಇಡಬ್ಯಾಡ್ರಿ, ಗಾಳಿ ಆಡೂ ಪಡಸಾಲ್ಯಾಗ ಇಡ್ರಿ, ಹುಡುಗರು ಸನ್ಯಾಕ ಬರದಂಗ.

ಕ್ಲಿಪ್ ಹಚ್ಚೂಮುಂದ ಚಾರ್ಜರ್ ಬಂದ್ ಇರಬೇಕು. ಕೆಂಪು ಪ್ಲಸ್ಸಿಗೆ, ಕರೇದು ಮೈನಸ್ಸಿಗೆ. ಆಮ್ಯಾಲೆ ಸ್ವಿಚ್. ಬಿಚ್ಚೂಮುಂದ ಮೊದಲ ಸ್ವಿಚ್ ಬಂದ್, ಆಮ್ಯಾಲೆ ಕ್ಲಿಪ್. ಗಾಡಿಂದ ಬ್ಯಾಟ್ರಿ ತಗಿಯೂಮುಂದ ಮೈನಸ್ ಮೊದಲ ಬಿಚ್ಚ್ರಿ.

ಕಡಿಮಿ ಆದ್ರ ಡಿಸ್ಟಿಲ್ಡ್ ವಾಟರ್ ಅಷ್ಟ ಹಾಕ್ರಿ. ನಮ್ಮ ಬೋರಿನ ನೀರು ಎಂಥಾದ್ದು ಅಂತ ಚಾದ ಕಿಟ್ಲಿ ತಳಾ ನೋಡಿದ್ರ ತಿಳೀತೈತಿ, ಅದು ಬ್ಯಾಟ್ರಿಗೆ ವಿಷ. ಪ್ಲೇಟ್ ಬಯಲಾಗಿದ್ರ ಮುಚ್ಚೂವಷ್ಟ ಹಾಕಿ ಚಾರ್ಜ್ ಮಾಡ್ರಿ, ಉಳಿದದ್ದು ಚಾರ್ಜ್ ಆದ ಮ್ಯಾಲೆ ಗೆರಿ ತನಕ. ಮೊದಲ ತುಂಬಿದ್ರ ಉಕ್ಕಿ ಹೊರಗ ಬರತೈತಿ. ನಾವು ಮನ್ಯಾಗ ಆಮ್ಲ ಹಾಕೂ ಕೆಲಸಾ ಮಾಡೂದ ಬ್ಯಾಡ.

ಬ್ಯಾಟ್ರಿಗೆ ಕೈ ಇಟ್ರ ಇಡಾಕ ಆಗದಷ್ಟು ಬಿಸಿ ಆದ್ರ ಬಂದ್ ಮಾಡಿ ಆರಾಕ ಬಿಡ್ರಿ. ಬ್ಯಾಸಗ್ಯಾಗ ತಂಪು ಹೊತ್ತಿನ್ಯಾಗ ಹಚ್ಚೂದು ಚೊಲೊ. ಕಣ್ಣಿಗೆ ಆಮ್ಲ ಸಿಡಿದ್ರ ಕಣ್ಣು ತಿಕ್ಕದ, ಸ್ವಚ್ಛ ನೀರು ಹಾಕಿ ಕಾಲು ತಾಸು ತೊಳೀರಿ, ತೊಳದು ಸೀದಾ ದವಾಖಾನಿಗೆ ಹೋಗ್ರಿ.

ಈಗ ಬರೂ ಕೆಲವು ಎಣ್ಣಿ ಪಂಪಿನ್ಯಾಗ ಲಿಥಿಯಂ ಬ್ಯಾಟ್ರಿ ಇರ್ತಾವು. ಅವುಗಳ ಚಾರ್ಜರನ್ನ ಕಾರಿಗೆ, ಟ್ರ್ಯಾಕ್ಟರಿಗೆ ಹಚ್ಚಬ್ಯಾಡ್ರಿ, ಕಾರಿಂದು ಅದಕ್ಕ ಹಚ್ಚಬ್ಯಾಡ್ರಿ. ಇನ್ನ ಕೆಲವರು ಲೈನ್ ಕರೆಂಟಿಗೆ ಬಲ್ಬು, ಡಯೋಡ್ ಹಚ್ಚಿ ಚಾರ್ಜರ್ ಮಾಡ್ಕೋತಾರ. ಅದರಾಗ ಬ್ಯಾಟ್ರಿ ಮುಟ್ಟಿದ್ರ ಲೈನ್ ಮುಟ್ಟಿದಂಗ. ಬ್ಯಾಡ್ರಿ.

ಸಂಜಿಕ ಚಾಚಾ ಬ್ಯಾಟ್ರಿ ಕೊಟ್ರು. ಹೊಸಾದು ಬೇಕಾಗಲಿಲ್ಲ. “ಮೂರು ವರ್ಷದ್ದು, ಹೂಳು ತುಂಬೇತಿ, ಇನ್ನೊಂದು ವರ್ಷ ನಡಿಬಹುದು. ನಂಬಿಕೊಂಡು ಕುಂದ್ರಬ್ಯಾಡ್ರಿ, ಮನ್ಯಾಗ ದಮ್ಮಿನ ಮುದಿಕಿ ಅದಾಳ” ಅಂದ್ರು. ಚಾರ್ಜಿನ ರೊಕ್ಕಾ ಅಷ್ಟ ತಗೊಂಡ್ರು. ನಾ ಅಲ್ಲೇ ಒಂದು ನಾಕು ಆಂಪಿಯರಿನ ಚಾರ್ಜರ್, ಒಂದು ಹೈಡ್ರೋಮೀಟರ್, ಒಂದು ಜೋಡಿ ಜಂಪರ್ ಕೇಬಲ್ ತಗೊಂಡು ಬಂದೆ. ಕೇಬಲ್ ಇದ್ರ ಆ ರಾತ್ರಿ ಟ್ರ್ಯಾಕ್ಟರ್ ಬ್ಯಾಟ್ರಿಂದ ಗಾಡಿ ಚಾಲೂ ಮಾಡಬಹುದಿತ್ತು. ಟ್ರ್ಯಾಕ್ಟರ್ ಹತ್ತು ಮಾರು ದೂರ ನಿಂತಿತ್ತು ನೋಡ್ರಿ.

ಅವ್ವಗ ಇದೆಲ್ಲಾ ಹೇಳಿದೆ. ಆಂಪಿಯರ್, ಎಎಚ್ ಆಕಿಗೇನು ತಿಳೀಬೇಕು. ಆದ್ರ ಹಸಕೊಂಡಿತ್ತು ಅನ್ನೂದು ತಿಳೀತು. ಈಗ ದಿನಾ ರಾತ್ರಿ ದನಕ್ಕ ಮೇವು ಹಾಕಿ ಒಳಗ ಬಂದ ಕೂಡ್ಲೆ ಕೇಳ್ತಾಳ, “ಎತ್ತಿಗೆ ಹಾಕಿದಿ?” ಹೂಂ ಅಂತೀನಿ. “ಎಮ್ಮಿಗೆ?” ಹೂಂ. “ಗಾಡಿಗೆ?”

ನಾ ಮೀಟರ್ ಹಚ್ಚಿ ನೋಡಿ ಬಂದು ಹೇಳ್ತೀನಿ. ನಿನ್ನೆ ರಾತ್ರಿ 12.6 ಇತ್ತು.

ನಿಮ್ಮ ಮನ್ಯಾಗಿನ ಬ್ಯಾಟ್ರಿ ಎಷ್ಟು ಎಎಚ್, ಚಾರ್ಜರ್ ಎಷ್ಟು ಆಂಪಿಯರ್, ಇವತ್ತ ಎದ್ದು ನೋಡಿ ಬಾಗಲ ಹಿಂದ ಬರೆದಿಡ್ರಿ. ಲೆಕ್ಕ ತಿಳೀದಿದ್ರ ಕೇಳ್ರಿ, ಕೂಡಿ ಮಾಡೂಣು. ಮುಂದಿನ ವಾರ ಕಡಲಿ ಲೆಕ್ಕದ ಜೋಡಿ ಬರ್ತೀನಿ.